ಉದ್ದನೆಯ ಸ್ಟ್ರಿಂಗ್‌ಗೆ ಯಾವ ಲಿಸ್ಪ್, ಯಾವ ದಾರಿ?

ಲಿಸ್ಪ್ ಅಂದರೆ ಬ್ರಾಕೆಟ್ ತುಂಬಿದ ಪ್ರೋಗ್ರಾಮಿಂಗ್ ಭಾಷೆಗಳ ಒಂದು ಕುಟುಂಬ. ಕಾಮನ್ ಲಿಸ್ಪ್, ರಾಕೆಟ್, ಕ್ಲೋಜರ್, ಇಮ್ಯಾಕ್ಸ್ ಲಿಸ್ಪ್, ಆಟೋಲಿಸ್ಪ್ ಎಲ್ಲ ಅದರ ಮಕ್ಕಳು. ಸ್ಟ್ರಿಂಗ್ ಅಂದರೆ ಪ್ರೋಗ್ರಾಂ ಒಳಗೆ ಹಿಡಿದಿಟ್ಟ ಪಠ್ಯ. ಹೋದ ತಿಂಗಳು ಮೂರು ಜನ ನನಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು.

ಮೊದಲನೆಯವನು ಬಳ್ಳಾರಿಯ ಇಂಜಿನಿಯರಿಂಗ್ ವಿದ್ಯಾರ್ಥಿ. 4 ಜಿಬಿ ರ್ಯಾಮಿನ ಹಳೇ ಲ್ಯಾಪ್‌ಟಾಪ್‌ನಲ್ಲಿ ಕ್ಲೋಜರ್ ಕಲಿಯುತ್ತಿದ್ದಾನೆ. "ಅಣ್ಣಾ, ಸಾವಿರ ಸಾಲಿನ ಫೈಲ್ ಆದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ. ಇಪ್ಪತ್ತು ಸಾವಿರ ಆದ್ರೆ ಫ್ಯಾನ್ ಕೂಗ್ತಾ ಕೂತಿರುತ್ತೆ" ಅಂದ. ಎರಡನೆಯವರು ರಾಯಚೂರಿನ ನಿವೃತ್ತ ಮೇಷ್ಟ್ರು. ದಾಸರ ಕೀರ್ತನೆಗಳನ್ನು ವರ್ಷಗಟ್ಟಲೆ ಟೈಪ್ ಮಾಡಿ ಒಂದೇ ದೊಡ್ಡ ಫೈಲಿನಲ್ಲಿ ತುಂಬಿಟ್ಟಿದ್ದಾರೆ. ಅದರಲ್ಲಿ ಹುಡುಕಬೇಕು, ತಿದ್ದಬೇಕು, ಅಂಕಿತದ ಪ್ರಕಾರ ಬೇರೆ ಮಾಡಬೇಕು. ಮೂರನೆಯವರು ಕೊಪ್ಪಳದ ಡ್ರಾಫ್ಟಿಂಗ್ ಆಫೀಸಿನವರು. ಡ್ರಾಯಿಂಗ್‌ನೊಳಗಿನ ಉದ್ದುದ್ದ ಟಿಪ್ಪಣಿಗಳನ್ನು ಆಟೋಕ್ಯಾಡ್‌ನ ಆಟೋಲಿಸ್ಪ್‌ನಿಂದ ಹೊರಗೆ ತೆಗೆದರೆ ಬಾಲ ಮಾತ್ರ ಬರುತ್ತದೆ, ತಲೆ ಮಾಯ. ಇದು ಅವರ ತಕರಾರು.

ಮೂವರೂ ಕೇಳಿದ್ದು "ಯಾವ ಲಿಸ್ಪ್ ಹಿಡಿಯಲಿ?" ಅಂತ. ನಾನು ಮೂವರಿಗೂ ವಾಪಸ್ ಕೇಳಿದ್ದು ಬೇರೆ ಪ್ರಶ್ನೆ. ಆ ಪಠ್ಯ ನಿಮ್ಮ ಪ್ರೋಗ್ರಾಂನಲ್ಲಿ ಏನು ಮಾಡುತ್ತದೆ? ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹಾದುಹೋಗುತ್ತದಾ? ಚೂರುಚೂರಾಗಿ ಸೇರಿ ಬೆಳೆಯುತ್ತದಾ? ಇಲ್ಲಾ ಕೂತಲ್ಲೇ ಕೂತು ನಡುನಡುವೆ ತಿದ್ದಿಸಿಕೊಳ್ಳುತ್ತದಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದ ಹಾಗೆ.

ಒಂದು ಮಾತು. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಲಿಸ್ಪ್ ಬರೆಯುವವರಿಗೆ ಅದೇನು ಕಷ್ಟವಲ್ಲ. ಬ್ರಾಕೆಟ್ ಎಣಿಸುವುದೇ ನಮ್ಮ ನಿಜವಾದ ಕಷ್ಟ.

## ಯಾವುದರಿಂದ ಅಳೆಯುವುದು

ಪಠ್ಯದ ಓಡಾಟ ಮೊದಲ ಅಳತೆ, ಅದನ್ನು ಹೇಳಿದೆ. ಎರಡನೆಯದು ಜಾಗ. ಒಂದು ಕನ್ನಡ ಅಕ್ಷರಕ್ಕೆ ಆ ಲಿಸ್ಪ್ ಎಷ್ಟು ಬೈಟ್ ತಗೊಳ್ಳುತ್ತದೆ, ಮತ್ತು ನಕಲಿನ ಮೇಲೆ ನಕಲು ಎಷ್ಟು ಮಾಡುತ್ತದೆ. ಮೂರನೆಯದು ಕನ್ನಡದ ಪಾಡು. ಉದ್ದ ಎಣಿಸುವಾಗ, ಕತ್ತರಿಸುವಾಗ, ಹೋಲಿಸುವಾಗ ಮೋಸ ಆಗುತ್ತದಾ? ನಾಲ್ಕನೆಯದು, ಉದ್ದನೆಯ ಪಠ್ಯವನ್ನು ಪ್ರೋಗ್ರಾಂ ಒಳಗೇ ಬರೆಯಬೇಕಾದಾಗ ಎಷ್ಟು ಕಿರಿಕಿರಿ. ಕೊನೆಯದು ದುಡ್ಡು. ಇದನ್ನು ಈಗಲೇ ಮುಗಿಸಿಬಿಡುತ್ತೇನೆ. ಎಸ್‌ಬಿಸಿಎಲ್ (ಕಾಮನ್ ಲಿಸ್ಪ್‌ನ ಒಂದು ಕಂಪೈಲರ್), ರಾಕೆಟ್, ಕ್ಲೋಜರ್, ಇಮ್ಯಾಕ್ಸ್ (ಒಳಗೆ ಲಿಸ್ಪ್ ಇರುವ ಎಡಿಟರ್) ನಾಲ್ಕೂ ಪುಕ್ಕಟೆ. ಖರ್ಚು ಬರುವುದು ಆಟೋಕ್ಯಾಡ್‌ಗೆ ಮಾತ್ರ, ಅದರ ಮಾತು ಮುಂದೆ ಬರುತ್ತದೆ.

## ಮೊದಲು ದಾರಿ, ಆಮೇಲೆ ಭಾಷೆ

ಎಲ್ಲರೂ ಮೊದಲು ಹಿಡಿಯುವ ದಾರಿ ಅಂಟಿಸುತ್ತಾ ಹೋಗುವುದು. ಒಂದು ಸ್ಟ್ರಿಂಗ್ ಇದೆ, ಅದಕ್ಕೆ ಹೊಸ ಸಾಲು ಸೇರಿಸಿದೆ, ಬಂದದ್ದಕ್ಕೆ ಇನ್ನೊಂದು ಸಾಲು ಸೇರಿಸಿದೆ. ನೋಡಲು ಚೆಂದ. ಆದರೆ ಸ್ಟ್ರಿಂಗ್ ಅಂದರೆ ಒತ್ತೊತ್ತಾಗಿ ಕೂತ ಅಕ್ಷರಗಳ ಸಾಲು. ಹಳೆಯದಕ್ಕೆ ಬಾಲ ಅಂಟುವುದಿಲ್ಲ. ಹೊಸ ಜಾಗ ಹಿಡಿದು ಎರಡನ್ನೂ ಅಲ್ಲಿಗೆ ನಕಲು ಮಾಡಬೇಕು.

ಲೆಕ್ಕ ಹಾಕಿ ನೋಡೋಣ. 60 ಅಕ್ಷರದ 20,000 ಸಾಲುಗಳು. ಒಟ್ಟು 12 ಲಕ್ಷ ಅಕ್ಷರ. ಅಂಟಿಸುತ್ತಾ ಹೋದರೆ ಮೊದಲ ಸಲ 60 ಅಕ್ಷರ ನಕಲು, ಎರಡನೇ ಸಲ 120, ಮೂರನೇ ಸಲ 180, ಕೊನೆಯ ಸಲ ಪೂರ್ತಿ 12 ಲಕ್ಷ. ಎಲ್ಲ ಕೂಡಿದರೆ ಸುಮಾರು 1,200 ಕೋಟಿ ಅಕ್ಷರ. ಬೇಕಿದ್ದದ್ದು 12 ಲಕ್ಷ, ಹೊತ್ತದ್ದು ಅದರ 10,000 ಪಟ್ಟು. ಜೊತೆಗೆ ನಡುವೆ ಹುಟ್ಟಿದ ಒಂದೊಂದು ಸ್ಟ್ರಿಂಗೂ ಕಸ, ಅದನ್ನು ಗುಡಿಸುವ ಕೆಲಸ ಬೇರೆ. ನಮ್ಮ ವಿದ್ಯಾರ್ಥಿಯ ಫ್ಯಾನ್ ಕೂಗಿದ್ದು ಇದಕ್ಕೇ. ಏಪ್ರಿಲ್‌ನಲ್ಲಿ ಬಳ್ಳಾರಿಯ ಲ್ಯಾಪ್‌ಟಾಪ್ ಸುಮ್ನೆ ಇದ್ದರೂ ಕೂಗುತ್ತದೆ ಅನ್ನೋದು ಬೇರೆ ಮಾತು.

ಹಾಗಂತ ಈ ದಾರಿಯನ್ನು ಬಯ್ಯಬೇಕಿಲ್ಲ. ಹತ್ತಿಪ್ಪತ್ತು ತುಂಡು ಸೇರಿಸುವುದಿದ್ದರೆ ಇದೇ ಸಾಕು. ಹೆಸರು, ಊರು, ಪಿನ್‌ಕೋಡ್ ಸೇರಿಸಿ ವಿಳಾಸ ಮಾಡುವುದಕ್ಕೆ ಯಾರೂ ಸ್ಟ್ರೀಮ್ ತೆರೆಯಬೇಕಾಗಿಲ್ಲ. ಸುತ್ತು ಹಾಕುವ ಲೂಪ್ ಒಳಗೆ ಅಂಟಿಸುವುದು ಕಂಡರೆ ಮಾತ್ರ ಎಚ್ಚರ.

ಎರಡನೇ ದಾರಿ, ತುಂಡುಗಳನ್ನು ಲಿಸ್ಟ್‌ನಲ್ಲಿ ಕೂಡಿಹಾಕಿ ಕೊನೆಗೆ ಒಂದೇ ಸಲ ಸೇರಿಸುವುದು. ಬಳ್ಳಾರಿಯ ಜೀನ್ಸ್ ಯೂನಿಟ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಟಿಂಗ್ ಟೇಬಲ್ಲಿನ ತುಂಡುಗಳಿಗೆ ನಂಬರ್ ಹಾಕಿ, ಕಟ್ಟು ಕಟ್ಟಿ ಇಡುತ್ತಾರೆ. ಹೊಲಿಗೆ ಆಮೇಲೆ. ಜೇಬು ಬಂತು ಅಂತ ಇಡೀ ಪ್ಯಾಂಟ್ ಬಿಚ್ಚಿ ಮೊದಲಿಂದ ಹೊಲಿಯುವವರನ್ನು ನಾನಂತೂ ನೋಡಿಲ್ಲ. ಕ್ಲೋಜರ್‌ನಲ್ಲಿ ಇದಕ್ಕೆ ಅಪ್ಲೈ ಎಸ್‌ಟಿಆರ್ ಅಥವಾ ಜಾಯಿನ್. ರಾಕೆಟ್‌ನಲ್ಲಿ ಸ್ಟ್ರಿಂಗ್-ಜಾಯಿನ್. ಇಮ್ಯಾಕ್ಸ್ ಲಿಸ್ಪ್‌ನಲ್ಲಿ ಮ್ಯಾಪ್‌ಕಾನ್‌ಕ್ಯಾಟ್. ಎಲ್ಲದರಲ್ಲೂ ನಕಲು ಒಂದೇ ಸಲ.

ಲಿಸ್ಟ್ ಅಂದಮೇಲೆ ಲಿಸ್ಪ್‌ನ ಸ್ವಂತ ಮನೆ. ಹಾಗಾಗಿ ಇಲ್ಲಿ ಒಂದು ಲಾಭ ಇದೆ, ಅದನ್ನು ಜಾಸ್ತಿ ಜನ ಬಳಸಿಕೊಳ್ಳುವುದಿಲ್ಲ. ತುಂಡುಗಳ ಲಿಸ್ಟ್ ಸಪಾಟಾಗಿಯೇ ಇರಬೇಕಿಲ್ಲ. ಲಿಸ್ಟ್ ಒಳಗೆ ಲಿಸ್ಟ್ ಇರಲಿ. ಅಧ್ಯಾಯ ಒಂದು ಲಿಸ್ಟ್, ಅದರೊಳಗೆ ಪ್ಯಾರಾಗಳು, ಪ್ಯಾರಾದೊಳಗೆ ಸ್ಟ್ರಿಂಗ್‌ಗಳು. ಎರಡು ಅಧ್ಯಾಯ ಸೇರಿಸಬೇಕೆಂದರೆ ಒಂದು ಕಾನ್ಸ್ (ಎರಡನ್ನು ಜೋಡಿಸುವ ಲಿಸ್ಪ್‌ನ ಕೊಂಡಿ) ಸಾಕು, ಒಂದು ಅಕ್ಷರವೂ ಜಾಗ ಬಿಟ್ಟು ಕದಲುವುದಿಲ್ಲ. ಕೊನೆಯಲ್ಲಿ ಮರದ ಮೇಲೆ ಒಂದು ಸುತ್ತು ಓಡಾಡಿ ಸಿಕ್ಕಿದ್ದನ್ನೆಲ್ಲ ಹೊರಗೆ ಬರೆಯುವ ಆರೇಳು ಸಾಲಿನ ಫಂಕ್ಷನ್ ಬರೆದುಕೊಂಡರೆ ಮುಗಿಯಿತು. 1995ರಲ್ಲಿ ಬೋಹ್ಮ್, ಅಟ್ಕಿನ್ಸನ್, ಪ್ಲಾಸ್ ಮೂವರು ರೋಪ್ ಅನ್ನೋ ರಚನೆಯನ್ನು ವಿವರಿಸಿ ಬರೆದರು. ಅದರ ಹೂರಣವೂ ಇದೇ, ಸ್ಟ್ರಿಂಗ್‌ಗಳ ಮರ. ಅದರಲ್ಲಿ ಉದ್ದದ ಲೆಕ್ಕ, ಸಮತೋಲನ ಎಲ್ಲ ಇದೆ, ನಮ್ಮದರಲ್ಲಿ ಇಲ್ಲ. ನಮ್ಮದು ಬಡವರ ರೋಪ್ ಅಂದುಕೊಳ್ಳಿ. "ನಾಲ್ಕು ಲಕ್ಷದನೇ ಅಕ್ಷರ ಯಾವುದು?" ಅಂತ ಕೇಳಿದರೆ ಇದು ಒದ್ದಾಡುತ್ತದೆ. ಆದರೆ ವರದಿ, ವೆಬ್ ಪುಟ, ಪತ್ರ ತಯಾರಿಸುವವರು ಆ ಪ್ರಶ್ನೆ ಕೇಳುವುದೇ ಇಲ್ಲ, ಅಲ್ವಾ?

ಮೂರನೇ ದಾರಿ ಸ್ಟ್ರಿಂಗ್ ಸ್ಟ್ರೀಮ್, ರಾಕೆಟ್ ಕಡೆಯವರ ಮಾತಿನಲ್ಲಿ ಸ್ಟ್ರಿಂಗ್ ಪೋರ್ಟ್. ಫೈಲಿಗೆ ಬರೆದ ಹಾಗೆ ಬರೆಯುತ್ತಾ ಹೋಗುವುದು, ಕೊನೆಗೆ ಬರೆದದ್ದನ್ನೆಲ್ಲ ಒಂದು ಸ್ಟ್ರಿಂಗ್ ಆಗಿ ಪಡೆಯುವುದು. ಕಾಮನ್ ಲಿಸ್ಪ್‌ನಲ್ಲೂ ರಾಕೆಟ್‌ನಲ್ಲೂ ವಿತ್-ಔಟ್‌ಪುಟ್-ಟು-ಸ್ಟ್ರಿಂಗ್ ಅನ್ನೋ ಹೆಸರೇ ಇದೆ. ಇದರ ದೊಡ್ಡ ಗುಣ ಅಂದರೆ, ನಾಳೆ ಮನಸ್ಸು ಬದಲಾಯಿಸಿ "ಸ್ಟ್ರಿಂಗ್ ಬೇಡ, ನೇರ ಫೈಲಿಗೇ ಹೋಗಲಿ" ಅಂದರೆ ಒಳಗಿನ ಕೋಡ್ ಮುಟ್ಟಬೇಕಿಲ್ಲ. ಸ್ಟ್ರೀಮ್ ಒಂದನ್ನು ಬದಲಿಸಿದರಾಯಿತು. ಲಿಸ್ಟ್ ದಾರಿಗೂ ಇದಕ್ಕೂ ನಡುವೆ ಆರಿಸಬೇಕಿದ್ದರೆ ನಾನು ನೋಡುವುದು ಇಷ್ಟೇ: ತುಂಡುಗಳ ಕ್ರಮ ಆಮೇಲೆ ಬದಲಾಗಬಹುದಾ? ಬದಲಾಗುವುದಿದ್ದರೆ ಲಿಸ್ಟ್. ಬಂದ ಕ್ರಮದಲ್ಲೇ ಹೋಗುವುದಿದ್ದರೆ ಸ್ಟ್ರೀಮ್.

ಕಾಮನ್ ಲಿಸ್ಪ್‌ನಲ್ಲಿ ಬೆಳೆಯುವ ವೆಕ್ಟರ್ ಇಟ್ಟುಕೊಂಡು ಒಂದೊಂದೇ ಅಕ್ಷರ ತಳ್ಳುವ ದಾರಿಯೂ ಇದೆ. ಹಿಂದಕ್ಕೆ ಹೋಗಿ ಅಳಿಸುವ ಕೆಲಸ ಇದ್ದರೆ ಬಳಸಿ. ಬರೀ ಸೇರಿಸುವುದಕ್ಕೆ ಬೇಡ.

ನಾಲ್ಕನೇ ದಾರಿ, ಪೂರ್ತಿ ಪಠ್ಯ ಹಿಡಿಯದೇ ಇರುವುದು. ಎಡದಂಡೆ ಕಾಲುವೆಯ ನೀರು ಕುಡಿದ ಗದ್ದೆ ಯಾವುದೂ ಡ್ಯಾಮನ್ನು ತನ್ನ ಬದುವಿನೊಳಗೆ ತಂದು ಇಟ್ಟುಕೊಳ್ಳುವುದಿಲ್ಲ. ಸಾಲು ಓದಿ, ಬೇಕಾದ್ದು ತಗೊಂಡು, ಮುಂದಕ್ಕೆ ಬಿಡಿ. ರಾಕೆಟ್‌ನ ಇನ್-ಲೈನ್ಸ್, ಕಾಮನ್ ಲಿಸ್ಪ್‌ನ ರೀಡ್-ಲೈನ್, ಕ್ಲೋಜರ್‌ನ ಲೈನ್-ಸೀಕ್ ಇದಕ್ಕೇ ಇರುವುದು. ಪದ ಎಣಿಸುವುದು, ಸೋಸುವುದು, ಸಾಲುಸಾಲಾಗಿ ಬದಲಿಸುವುದು ಎಲ್ಲ ಇದರಲ್ಲಿ ಆಗುತ್ತದೆ. ನನ್ನ ಹತ್ತಿರ ಬರುವ "ಸ್ಟ್ರಿಂಗ್ ದೊಡ್ಡದಾಯ್ತು" ಅನ್ನೋ ದೂರುಗಳಲ್ಲಿ ಜಾಸ್ತಿ ಪಾಲು ಇಲ್ಲಿಗೇ ಮುಗಿಯುತ್ತದೆ. ಆ ಸ್ಟ್ರಿಂಗ್ ಬೇಕೇ ಇರಲಿಲ್ಲ.

ಐದನೆಯದು ಬಫರ್, ಇಮ್ಯಾಕ್ಸ್‌ನ ಆಸ್ತಿ. ನಡುವೆ ತಿದ್ದುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಳಗೆ ಅದು ಗ್ಯಾಪ್ ಬಫರ್. ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಎಲ್ಲರೂ ಒತ್ತಿಕೊಂಡು ಕೂತಿದ್ದಾರೆ, ಒಂದು ಕಡೆ ಮಾತ್ರ ಹತ್ತಾಳಿನ ಜಾಗ ಖಾಲಿ. ಹೊಸಬರು ಅಲ್ಲೇ ಬಂದು ಕೂತರೆ ಯಾರೂ ಅಲುಗಾಡಬೇಕಿಲ್ಲ. ಬೇರೆ ಕಡೆ ಕೂರಬೇಕು ಅಂದರೆ ನಡುವಿನವರೆಲ್ಲ ಸರಿದು ಖಾಲಿ ಜಾಗವನ್ನು ಅಲ್ಲಿಗೆ ತರಬೇಕು. ಹಾಗಾಗಿ ಮೇಲಿಂದ ಕೆಳಕ್ಕೆ ತಿದ್ದುತ್ತಾ ಬಂದರೆ ಬಫರ್ ಬಲು ಅಗ್ಗ. ಒಮ್ಮೆ ತುದಿ, ಒಮ್ಮೆ ಬುಡ ಅಂತ ಹಾರಾಡಿದರೆ ದುಬಾರಿ.

## ಈಗ ಒಂದೊಂದೇ ಭಾಷೆ

ಕಾಮನ್ ಲಿಸ್ಪ್‌ನಿಂದ ಶುರು ಮಾಡೋಣ, ಅಂದರೆ ಎಸ್‌ಬಿಸಿಎಲ್. ನಾನು ದಿನಾ ಬಳಸುವುದು ಇದನ್ನೇ, ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು. ಇದರ ಬಲ ಏನೆಂದರೆ ಹುಡುಕುವ, ಹೋಲಿಸುವ, ಬರೆಯುವ ಫಂಕ್ಷನ್‌ಗಳಲ್ಲಿ ಬಹಳಷ್ಟು ಸ್ಟಾರ್ಟ್, ಎಂಡ್ ಅಂತ ಎರಡು ಗಡಿ ತಗೊಳ್ಳುತ್ತವೆ. ಉದ್ದನೆಯ ಸ್ಟ್ರಿಂಗ್‌ನ ಒಂದು ಭಾಗದಲ್ಲಿ ಕೆಲಸ ಮಾಡಲು ಆ ಭಾಗವನ್ನು ಕತ್ತರಿಸಿ ನಕಲು ಮಾಡಬೇಕಿಲ್ಲ. "ಇಲ್ಲಿಂದ ಇಲ್ಲಿವರೆಗೆ ನೋಡು" ಅಂದರೆ ಸಾಕು. ವೇಗವೂ ಚೆನ್ನಾಗಿದೆ.

ಕೊರತೆಗಳು ಮೂರು. ಸಾಮಾನ್ಯ ಸ್ಟ್ರಿಂಗ್‌ನಲ್ಲಿ ಒಂದೊಂದು ಅಕ್ಷರಕ್ಕೂ 4 ಬೈಟ್ ಹಿಡಿಯುತ್ತದೆ. ಇನ್ನೊಂದು, ತುಂಡುಗಳ ಲಿಸ್ಟನ್ನು ಅಪ್ಲೈ ಮಾಡಿ ಕಾನ್‌ಕ್ಯಾಟಿನೇಟ್‌ಗೆ ಕೊಡುವ ಅಭ್ಯಾಸ. ಒಂದು ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ ಕೊಡಬಹುದು ಅನ್ನೋದಕ್ಕೆ ಸ್ಟ್ಯಾಂಡರ್ಡ್ ಕೊಡುವ ಭರವಸೆ ಬರೀ 50. ಎಸ್‌ಬಿಸಿಎಲ್ ಇದಕ್ಕಿಂತ ಎಷ್ಟೋ ಉದಾರಿ, ಆದರೆ ಬೇರೆ ಕಂಪೈಲರ್‌ಗೆ ಹೋದ ದಿನ ಅದೇ ಕೋಡ್ ಕೈ ಕೊಡಬಹುದು. ಲಿಸ್ಟ್ ಸೇರಿಸಲು ವಿತ್-ಔಟ್‌ಪುಟ್-ಟು-ಸ್ಟ್ರಿಂಗ್ ಒಳಗೆ ಲೂಪ್ ಹಾಕುವುದೇ ಕ್ಷೇಮ.

ಮೂರನೆಯದು ನಾನೇ ಬಿದ್ದ ಗುಂಡಿ. ಫೈಲ್ ಪೂರ್ತಿ ಓದಲು ಸುಲಭದ ಉಪಾಯ ಕಂಡಿತ್ತು. ಫೈಲ್-ಲೆಂತ್ ಕೇಳು, ಅಷ್ಟುದ್ದದ ಖಾಲಿ ಸ್ಟ್ರಿಂಗ್ ಮಾಡು, ರೀಡ್-ಸೀಕ್ವೆನ್ಸ್‌ನಿಂದ ತುಂಬು. ಇಂಗ್ಲಿಷ್ ಫೈಲ್‌ನಲ್ಲಿ ಪರೀಕ್ಷೆ ಮಾಡಿದೆ, ಸೊಗಸಾಗಿ ನಡೆಯಿತು. ಕನ್ನಡ ಫೈಲ್ ಕೊಟ್ಟರೆ ಮೊದಲ ಭಾಗ ಸರಿ ಇದೆ, ಆಮೇಲೆ ಸುಮಾರು ಮೂರನೇ ಎರಡು ಪಾಲು ಕಣ್ಣಿಗೆ ಕಾಣದ ಸೊನ್ನೆ ಅಕ್ಷರಗಳು. ಒಂದು ಮಧ್ಯಾಹ್ನವೆಲ್ಲ ತಲೆ ಕೆರೆದುಕೊಂಡೆ. ಫೈಲ್-ಲೆಂತ್ ಹೇಳಿದ್ದು ಬೈಟ್ ಲೆಕ್ಕ, ಮತ್ತು ಯುಟಿಎಫ್-8ರಲ್ಲಿ (ಫೈಲಿನಲ್ಲಿ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ರೀತಿ) ಕನ್ನಡದ ಒಂದೊಂದು ಅಕ್ಷರ 3 ಬೈಟ್! ಪರಿಹಾರ ಸುಲಭ. ರೀಡ್-ಸೀಕ್ವೆನ್ಸ್ ಎಲ್ಲಿ ನಿಂತೆ ಅನ್ನೋದನ್ನು ವಾಪಸ್ ಹೇಳುತ್ತದೆ, ಅಲ್ಲಿಗೆ ಕತ್ತರಿಸಿ. ಇಲ್ಲವಾದರೆ ಯುಐಒಪಿ ಅನ್ನೋ ಲೈಬ್ರರಿಯಲ್ಲಿ ರೀಡ್-ಫೈಲ್-ಸ್ಟ್ರಿಂಗ್ ಸಿದ್ಧವಾಗಿಯೇ ಇದೆ, ಅದನ್ನು ಬಳಸಿ. ನಾನು ಆ ದಿನ ಅದನ್ನೇ ಬಳಸಬೇಕಿತ್ತು.

ರಾಕೆಟ್ ಕಲಿಯುವವರಿಗೆ ನಾನು ಮೊದಲು ಹೇಳುವ ಹೆಸರು. ಇಲ್ಲೂ ಅಕ್ಷರಕ್ಕೆ 4 ಬೈಟ್. ಆದರೆ ಎರಡು ಸೌಕರ್ಯ ಬೇರೆ ಕಡೆ ಇಷ್ಟು ಸಲೀಸಾಗಿ ಸಿಗುವುದಿಲ್ಲ. ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನು, ಅಂದರೆ ಹುಡುಕುವ ಮಾದರಿಯನ್ನು, ನೇರವಾಗಿ ಪೋರ್ಟ್ ಮೇಲೆ ಓಡಿಸಬಹುದು. ಅಂದರೆ ಫೈಲನ್ನು ಸ್ಟ್ರಿಂಗ್ ಮಾಡದೆಯೇ ಅದರೊಳಗೆ ಹುಡುಕಬಹುದು. ಎರಡನೆಯದು ಹಿಯರ್ ಸ್ಟ್ರಿಂಗ್. ಒಂದು ಗುರುತಿನ ಪದ ಕೊಟ್ಟು ಶುರು ಮಾಡಿದರೆ, ಅದೇ ಪದ ಒಂಟಿಯಾಗಿ ಒಂದು ಸಾಲಿನಲ್ಲಿ ಬರುವವರೆಗೆ ನಡುವಿನದ್ದೆಲ್ಲ ಇದ್ದ ಹಾಗೇ ಸ್ಟ್ರಿಂಗ್. ಒಳಗೆ ಉದ್ಧರಣ ಚಿಹ್ನೆ ಇದ್ದರೂ ಹಿಂಬಾರು (ಬ್ಯಾಕ್‌ಸ್ಲ್ಯಾಶ್) ಹಾಕಬೇಕಿಲ್ಲ. ಗುರುತಿನ ಪದ ಕನ್ನಡದ್ದೇ ಇರಬಹುದು. ನಾನು "ಮುಗೀತು" ಅಂತ ಹಾಕುತ್ತೇನೆ.

ಕ್ಲೋಜರ್ ಜಾವಾ ಯಂತ್ರದ ಮೇಲೆ ಕೂತಿದೆ, ಹಾಗಾಗಿ ಅದರ ಸ್ಟ್ರಿಂಗ್ ಜಾವಾದ್ದೇ. ಒಮ್ಮೆ ಮಾಡಿದರೆ ಬದಲಾಗುವುದಿಲ್ಲ. ಜಾವಾ 9ರಿಂದ ಒಂದು ಬುದ್ಧಿವಂತಿಕೆ ಬಂದಿದೆ: ಬರೀ ಇಂಗ್ಲಿಷ್ ಅಕ್ಷರ ಇದ್ದರೆ 1 ಬೈಟ್, ಇಲ್ಲದಿದ್ದರೆ 2 ಬೈಟ್. ಇಂಗ್ಲಿಷ್ ಪಠ್ಯದ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸ್ಟ್ರಿಂಗ್ 2 ಬೈಟ್‌ಗೆ ಏರುತ್ತದೆ. ಅಷ್ಟಾದರೂ ಕನ್ನಡಕ್ಕೆ ಇದೇ ಅಗ್ಗ. ಮೇಲಿನ 12 ಲಕ್ಷ ಅಕ್ಷರಕ್ಕೆ ಜಾವಾದಲ್ಲಿ 24 ಲಕ್ಷ ಬೈಟ್, ಇಮ್ಯಾಕ್ಸ್‌ನಲ್ಲಿ 36 ಲಕ್ಷ, ಎಸ್‌ಬಿಸಿಎಲ್ ಮತ್ತು ರಾಕೆಟ್‌ನಲ್ಲಿ 48 ಲಕ್ಷ. ಆದರೆ ಈ ವ್ಯತ್ಯಾಸಕ್ಕೆ ಮಾರುಹೋಗಬೇಡಿ. 48 ಲಕ್ಷ ಅಂದರೆ 5 ಎಂಬಿಯೂ ಆಗಲಿಲ್ಲ. ಜಾವಾ ಯಂತ್ರ ಎದ್ದು ಕೂರುವಷ್ಟರಲ್ಲೇ ಅದಕ್ಕಿಂತ ಜಾಸ್ತಿ ನುಂಗಿರುತ್ತದೆ. ನೂರಾರು ಎಂಬಿಯ ಫೈಲ್ ಇದ್ದಾಗ ಮಾತ್ರ ಈ ಅಂಕಿಗಳನ್ನು ನೋಡಿ.

ಕ್ಲೋಜರ್‌ನ ಇನ್ನೊಂದು ಗುಂಡಿ ಸೋಮಾರಿತನ. ಲೈನ್-ಸೀಕ್ ಕೇಳಿದಾಗಷ್ಟೇ ಸಾಲು ಓದುತ್ತದೆ. ವಿತ್-ಓಪನ್ ಒಳಗೆ ಅದನ್ನು ತೆರೆದು, ಹೊರಗೆ ಬಂದಮೇಲೆ ಸಾಲು ಕೇಳಿದರೆ "ಸ್ಟ್ರೀಮ್ ಮುಚ್ಚಿದೆ" ಅಂತ ಬಯ್ಯುತ್ತದೆ. ಕೆಲಸವನ್ನು ಒಳಗೇ ಮುಗಿಸಿಕೊಂಡು ಬನ್ನಿ. ಪ್ರೋಗ್ರಾಂ ಒಳಗೇ ಉದ್ದನೆಯ ಪಠ್ಯ ಬರೆದಿಡುವವರಿಗೆ ಒಂದು ಗೋಡೆಯೂ ಇದೆ. ಜಾವಾದ ಕ್ಲಾಸ್ ಫೈಲ್‌ನಲ್ಲಿ ಒಂದು ಸ್ಟ್ರಿಂಗ್ ಕಾನ್‌ಸ್ಟಂಟ್ 65,535 ಬೈಟ್ ದಾಟುವ ಹಾಗಿಲ್ಲ. ಕನ್ನಡಕ್ಕೆ 3ರಿಂದ ಭಾಗಿಸಿದರೆ 21,845 ಅಕ್ಷರ. ಒಂದು ಉದ್ದನೆಯ ಕಥೆ ಅಂಟಿಸಿದರೆ ಸಾಕು, ಗೋಡೆಗೆ ತಲೆ ತಾಗುತ್ತದೆ. ಅಷ್ಟು ದೊಡ್ಡದನ್ನು ಬೇರೆ ಫೈಲ್‌ನಲ್ಲಿಟ್ಟು ಸ್ಲರ್ಪ್ ಫಂಕ್ಷನ್‌ನಿಂದ ಓದಿಕೊಳ್ಳಿ.

ಪ್ರೋಗ್ರಾಂ ಒಳಗೆ ಬರೆಯುವ ಮಾತು ಬಂತಲ್ಲ, ಇಲ್ಲೇ ಮುಗಿಸುತ್ತೇನೆ. ಸಾಲು ಉದ್ದವಾಯಿತು, ಮುರಿಯಬೇಕು, ಆದರೆ ಸ್ಟ್ರಿಂಗ್ ಒಳಗೆ ಹೊಸ ಸಾಲು ಬರಬಾರದು. ಏನು ಮಾಡುವುದು? ರಾಕೆಟ್, ಇಮ್ಯಾಕ್ಸ್ ಲಿಸ್ಪ್ ಎರಡರಲ್ಲೂ ಸಾಲಿನ ಕೊನೆಗೆ ಹಿಂಬಾರು ಹಾಕಿದರೆ ಆ ಮುರಿತ ಲೆಕ್ಕಕ್ಕಿಲ್ಲ. ಕ್ಲೋಜರ್‌ನಲ್ಲಿ ಹಾಗೆ ಮಾಡಿದರೆ ತಪ್ಪು ಅನ್ನುತ್ತದೆ, ತುಂಡು ಮಾಡಿ ಎಸ್‌ಟಿಆರ್‌ನಿಂದ ಸೇರಿಸಬೇಕು. ಕಾಮನ್ ಲಿಸ್ಪ್‌ನಲ್ಲಿ ಹಿಂಬಾರು ಹಾಕಿದರೂ ಹೊಸ ಸಾಲು ಹಾಗೇ ಉಳಿಯುತ್ತದೆ. ಅಲ್ಲಿ ಫಾರ್ಮ್ಯಾಟ್ ಬಳಸಿ, ಸಾಲಿನ ಕೊನೆಗೆ ಅಲೆ ಚಿಹ್ನೆ (ಟಿಲ್ಡೆ) ಹಾಕಬೇಕು. ಆಗ ಮುರಿತವೂ ಹೋಗುತ್ತದೆ, ಮುಂದಿನ ಸಾಲಿನ ಆರಂಭದ ಖಾಲಿ ಜಾಗವೂ ಹೋಗುತ್ತದೆ. ಸಿ ಭಾಷೆಯಿಂದ ಬಂದವರಿಗೆ ಇನ್ನೊಂದು ಮಾತು: ಕಾಮನ್ ಲಿಸ್ಪ್‌ನ ಸ್ಟ್ರಿಂಗ್‌ನಲ್ಲಿ ಹಿಂಬಾರು ಹಾಕಿ ಎನ್ ಬರೆದರೆ ಹೊಸ ಸಾಲು ಸಿಗುವುದಿಲ್ಲ, ಬರೀ ಎನ್ ಸಿಗುತ್ತದೆ.

ಇಮ್ಯಾಕ್ಸ್ ಲಿಸ್ಪನ್ನು "ಅದು ಎಡಿಟರ್ ಅಲ್ವಾ" ಅಂತ ಪಕ್ಕಕ್ಕೆ ಇಡುವವರು ಜಾಸ್ತಿ. ಪಠ್ಯದ ಕೆಲಸಕ್ಕೆ ಅದು ತಪ್ಪು ಅಂತ ನನ್ನ ಅಭಿಪ್ರಾಯ. ವಿತ್-ಟೆಂಪ್-ಬಫರ್ ಒಳಗೆ ಫೈಲ್ ತಂದು, ರಿ-ಸರ್ಚ್-ಫಾರ್ವರ್ಡ್‌ನಿಂದ ಹುಡುಕಿ, ರಿಪ್ಲೇಸ್-ಮ್ಯಾಚ್‌ನಿಂದ ತಿದ್ದುತ್ತಾ ಕೆಳಗಿಳಿದರೆ ಒಂದು ತಿದ್ದುಪಡಿಗೆ ಇಡೀ ಪಠ್ಯ ನಕಲಾಗುವುದಿಲ್ಲ. ಅದೇ ಕೆಲಸವನ್ನು ಸ್ಟ್ರಿಂಗ್ ಮೇಲೆ ಮಾಡಲು ಹೋಗಬೇಡಿ. ಇಮ್ಯಾಕ್ಸ್‌ನಲ್ಲಿ ಒಂದೊಂದು ಅಕ್ಷರ ಬೇರೆಬೇರೆ ಅಗಲ, ಹಾಗಾಗಿ ಕನ್ನಡ ಸ್ಟ್ರಿಂಗ್‌ನಲ್ಲಿ "ಇಷ್ಟನೇ ಅಕ್ಷರ" ಹುಡುಕಲು ಅದು ಬೈಟ್ ಎಣಿಸುತ್ತಾ ಹೋಗಬೇಕು. ಜಟಿಲ ರೆಗ್ಯುಲರ್ ಎಕ್ಸ್‌ಪ್ರೆಶನ್ ಕೊಟ್ಟು ಉದ್ದ ಪಠ್ಯದ ಮೇಲೆ ಬಿಟ್ಟರೆ ಸ್ಟ್ಯಾಕ್ ತುಂಬಿತು ಅಂತ ಕೂಗುವುದೂ ಉಂಟು. ಉದ್ದುದ್ದ ಸಾಲಿನ ಫೈಲ್ ತೆರೆದರೆ ಪರದೆ ತಡವರಿಸುವ ಹಳೇ ಕಾಯಿಲೆ 2023ರಲ್ಲಿ ಬಂದ ಇಮ್ಯಾಕ್ಸ್ 29ರಿಂದ ಬಹಳ ಕಡಿಮೆಯಾಗಿದೆ. ಟೆಂಪ್ ಬಫರ್ ಪರದೆಗೇ ಬರುವುದಿಲ್ಲ, ಅದಕ್ಕೆ ಈ ಕಾಟ ಮೊದಲೂ ಇರಲಿಲ್ಲ.

ಆಟೋಲಿಸ್ಪ್ ಬೇರೆ ಜಾತಿ. ಅದನ್ನು ಯಾರೂ ಪಠ್ಯಕ್ಕಾಗಿ ಆರಿಸುವುದಿಲ್ಲ, ಡ್ರಾಯಿಂಗ್ ಅಲ್ಲಿದೆ ಅಂತ ಅಲ್ಲಿಗೆ ಹೋಗುತ್ತಾರೆ. ಕೊಪ್ಪಳದವರ ತಲೆ ಮಾಯವಾದದ್ದು ಹೀಗೆ. ಆಟೋಕ್ಯಾಡ್ ಒಂದು ವಸ್ತುವಿನ ವಿವರಗಳನ್ನು ನಂಬರ್ ಹಾಕಿದ ಕೋಡ್‌ಗಳಡಿ ಇಡುತ್ತದೆ. ಎಂಟೆಕ್ಸ್ಟ್ (ಹಲವು ಸಾಲಿನ ಪಠ್ಯ) ಟಿಪ್ಪಣಿ 250 ಅಕ್ಷರಕ್ಕಿಂತ ಚಿಕ್ಕದಿದ್ದರೆ ಪೂರ್ತಿ ಪಠ್ಯ 1ನೇ ಕೋಡ್‌ನಲ್ಲಿ ಇರುತ್ತದೆ. ದೊಡ್ಡದಿದ್ದರೆ 250ರ ತುಂಡುಗಳಾಗಿ 3ನೇ ಕೋಡ್‌ಗಳಲ್ಲಿ ಸಾಲಾಗಿ ಕೂರುತ್ತದೆ, ಕೊನೆಯ ತುಂಡು ಮಾತ್ರ 1ರಲ್ಲಿ. ಅವರು ಎಂಟ್‌ಗೆಟ್‌ನಿಂದ ಆ ವಿವರಗಳ ಲಿಸ್ಟ್ ತೆಗೆದು, ಅಸಾಕ್ 1 (1ನೇ ಕೋಡ್ ಹುಡುಕು) ಅಂತ ಕೇಳುತ್ತಿದ್ದರು, ಬಾಲ ಸಿಗುತ್ತಿತ್ತು. ಅಸಾಕ್ 3 ಅಂದರೂ ಮೊದಲ ತುಂಡು ಒಂದೇ ಸಿಗುತ್ತದೆ, ಯಾಕೆಂದರೆ ಅಸಾಕ್ ಮೊದಲು ಸಿಕ್ಕಿದ್ದಕ್ಕೇ ನಿಲ್ಲುತ್ತದೆ. ಇಡೀ ಲಿಸ್ಟ್ ಮೇಲೆ ಫೋರ್‌ಈಚ್ ಓಡಿಸಿ, 3 ಅಥವಾ 1 ಬಂದಾಗಲೆಲ್ಲ ಪಠ್ಯ ತೆಗೆದಿಟ್ಟು, ಕೊನೆಗೆ ಅಪ್ಲೈ ಸ್ಟ್ರ್‌ಕ್ಯಾಟ್ ಮಾಡಬೇಕು. ಎಂಟೆಕ್ಸ್ಟ್‌ಗೆ ಮಾತ್ರ ಹೀಗೆ ಮಾಡಿ, ಬೇರೆ ವಸ್ತುಗಳಲ್ಲಿ 3ರ ಅರ್ಥ ಬೇರೆ. ಹುಡುಕುವುದಿದ್ದರೆ ಸೇರಿಸಿದ ಮೇಲೇ ಹುಡುಕಿ. 250ನೇ ಅಕ್ಷರ ಪದದ ನಡುವೆ ಬಿದ್ದಿದ್ದರೆ ಆ ಪದ ಯಾವ ತುಂಡಿನಲ್ಲೂ ಪೂರ್ತಿ ಇರುವುದಿಲ್ಲ.

ಟಿಪ್ಪಣಿ ಕನ್ನಡದಲ್ಲಿದ್ದರೆ ಆಟೋಕ್ಯಾಡ್ 2021 ಅಥವಾ ಆಮೇಲಿನದ್ದು ಬೇಕು. ಲಿಸ್ಪ್‌ಸಿಸ್ ಅನ್ನೋ ವೇರಿಯಬಲ್ ಜೊತೆಗೆ ಯೂನಿಕೋಡ್ ಬಂದದ್ದು ಆಗಲೇ. ಖರ್ಚು ಕಡಿಮೆ ಅಂತ ಆಟೋಕ್ಯಾಡ್ ಎಲ್‌ಟಿ ತಗೊಂಡವರು ಗಮನಿಸಿ, ಅದರಲ್ಲಿ ಆಟೋಲಿಸ್ಪ್ ಸಿಕ್ಕಿದ್ದು 2024ರ ಆವೃತ್ತಿಯಿಂದ. ಹಳೇ ಎಲ್‌ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

## ಕನ್ನಡದ ಪಾಡು

ಇದು ಎಲ್ಲ ಲಿಸ್ಪ್‌ಗಳಿಗೂ ಒಂದೇ. "ಬಳ್ಳಾರಿ" ಅಂದರೆ ನಮ್ಮ ಬಾಯಲ್ಲಿ ಮೂರು ಅಕ್ಷರ. ಎಸ್‌ಬಿಸಿಎಲ್ ಕೇಳಿದರೆ 7 ಅನ್ನುತ್ತದೆ: ಬ, ಳ, ವಿರಾಮ, ಮತ್ತೆ ಳ, ಆ ಚಿಹ್ನೆ, ರ, ಗುಡಿಸು. ಫೈಲಿನಲ್ಲಿ 21 ಬೈಟ್. ಉದ್ದನೆಯ ಪಠ್ಯವನ್ನು ಇಂತಿಷ್ಟು ಅಕ್ಷರ ಅಂತ ಕತ್ತರಿಸಿದರೆ ಒಂದು ತುಂಡು "ಬಳ್" ಅಂತ ಮುಗಿದು ಮುಂದಿನದು "ಳಾರಿ" ಅಂತ ಶುರುವಾಗಬಹುದು. ಗ್ರಾಫೀಮ್ (ಓದುಗನಿಗೆ ಒಂದೇ ಅಕ್ಷರವಾಗಿ ಕಾಣುವುದು) ಎಣಿಸುವ ಫಂಕ್ಷನ್‌ಗಳೂ ಒತ್ತಕ್ಷರವನ್ನು ಒಡೆದು ಎಣಿಸುವುದುಂಟು. ಖಾಲಿ ಜಾಗದಲ್ಲಿ, ಇಲ್ಲವೇ ಸಾಲಿನ ಕೊನೆಯಲ್ಲಿ ಕತ್ತರಿಸಿ. ತಕರಾರೇ ಇರುವುದಿಲ್ಲ.

ಇನ್ನೊಂದು ಕಣ್ಣಿಗೆ ಕಾಣದ್ದು. "ಕೊಪ್ಪಳ" ಪದದ "ಕೊ"ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊ ಚಿಹ್ನೆ ಅಂತ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಂದರ ಉದ್ದ 6, ಇನ್ನೊಂದರದ್ದು 7. ಸ್ಟ್ರಿಂಗ್ ಹೋಲಿಸಿದರೆ ಬೇರೆಬೇರೆ. ನಮ್ಮ ಮೂರು ಜಿಲ್ಲೆಗಳ ಹೆಸರಿನಲ್ಲಿ ಕೊಪ್ಪಳಕ್ಕೆ ಮಾತ್ರ ಈ ಪೀಡೆ, ಬಳ್ಳಾರಿ ಮತ್ತು ರಾಯಚೂರು ಪಾರಾಗಿವೆ! ಓದಿದ ಕೂಡಲೇ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಚಿಹ್ನೆಗಳೆಲ್ಲ ಒಂದೇ ಸಂಕೇತವಾಗಿರುವ ರೂಪಕ್ಕೆ, ತಂದುಬಿಡಿ. ರಾಕೆಟ್‌ನಲ್ಲಿ ಸ್ಟ್ರಿಂಗ್-ನಾರ್ಮಲೈಸ್-ಎನ್‌ಎಫ್‌ಸಿ ಇದೆ, ಎಸ್‌ಬಿಸಿಎಲ್‌ನಲ್ಲಿ ನಾರ್ಮಲೈಸ್-ಸ್ಟ್ರಿಂಗ್, ಕ್ಲೋಜರ್‌ಗೆ ಜಾವಾದ ನಾರ್ಮಲೈಸರ್, ಇಮ್ಯಾಕ್ಸ್‌ಗೂ ಅದರದ್ದೇ ಲೈಬ್ರರಿ ಇದೆ. ಇನ್ನು ಡಿಟಿಪಿ ಅಂಗಡಿಯಿಂದ ಬಂದ ಹಳೇ ನುಡಿ, ಬರಹ ಫಾಂಟ್‌ಗಳ ಫೈಲ್ ಆದರೆ ಅದು ಯೂನಿಕೋಡೇ ಅಲ್ಲ. ಮೊದಲು ಕನ್ವರ್ಟ್ ಮಾಡಿ, ಆಮೇಲೆ ಲಿಸ್ಪ್ ಮಾತು.

## ಹಾಗಾದರೆ ಯಾರಿಗೆ ಯಾವುದು

ರಾಯಚೂರಿನ ಮೇಷ್ಟ್ರಿಗೆ ನಾನು ಹೇಳಿದ್ದು ಇಮ್ಯಾಕ್ಸ್. ಅವರದ್ದು ತಿದ್ದುವ ಕೆಲಸ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಅಂಕಿತಗಳನ್ನು ಹುಡುಕಿ ಕೀರ್ತನೆಗಳನ್ನು ಬೇರೆ ಬೇರೆ ಬಫರ್‌ಗೆ ಎತ್ತಿಡಬೇಕು, ನಡುನಡುವೆ ಕಣ್ಣಿಂದ ನೋಡಿ ಸರಿ ಮಾಡಬೇಕು. ಮೊದಲ ಸಲ ಓಡಿಸಿದಾಗ ಗೋಪಾಲವಿಠಲರ ಕೆಲವು ಕೀರ್ತನೆ ಸಿಗಲೇ ಇಲ್ಲ. "ಗೋ" ಕೂಡ ಕೊಪ್ಪಳದ ಜಾತಿಯದ್ದೇ, ಅದರ ಚಿಹ್ನೆ ಒಂದಾಗಿಯೂ ಇರಬಹುದು, ಮೂರು ಚೂರಾಗಿಯೂ ಇರಬಹುದು. ನಾರ್ಮಲೈಸ್ ಮಾಡಿದ ಮೇಲೆ ಒಂದಿಷ್ಟು ಸಿಕ್ಕವು. ಮಿಕ್ಕವು ಸಿಕ್ಕಿದ್ದು "ವಿಠಲ" ಜೊತೆ "ವಿಠ್ಠಲ" ಅಂತಲೂ ಹುಡುಕಿದಾಗ. ಅದು ಟೈಪ್ ಮಾಡಿದವರ ಕೈಚಳಕ, ಯಾವ ಲಿಸ್ಪೂ ಅದಕ್ಕೆ ಹೊಣೆಯಲ್ಲ.

ಕೊಪ್ಪಳದವರು ಆಟೋಲಿಸ್ಪ್‌ನಲ್ಲೇ ಇರಲಿ, ಆದರೆ ಅಲ್ಲಿ ಜಾಸ್ತಿ ಹೊತ್ತು ಬೇಡ. ತುಂಡು ಸೇರಿಸಿ ರೈಟ್-ಲೈನ್‌ನಿಂದ ಫೈಲಿಗೆ ಬರೆದುಬಿಡುವುದು, ಮುಂದಿನ ಹುಡುಕಾಟ, ಪಟ್ಟಿ ಎಲ್ಲ ರಾಕೆಟ್‌ನಲ್ಲಿ.

ಹೊಸದಾಗಿ ಶುರು ಮಾಡುವವರು, ಯಾವ ಭಾಷೆಯ ಋಣವೂ ಇಲ್ಲದವರು, ರಾಕೆಟ್ ಹಿಡಿಯಿರಿ. ದಿನಾ ದೊಡ್ಡ ಫೈಲ್ ಅರೆಯುವ ಕೆಲಸ, ವೇಗ ಮುಖ್ಯ ಅನ್ನೋರಿಗೆ ಎಸ್‌ಬಿಸಿಎಲ್. ಆಫೀಸಿನಲ್ಲಿ ಆಗಲೇ ಜಾವಾ ಇದೆ, ಅದರ ಜೊತೆ ಹೊಂದಿಕೊಳ್ಳಬೇಕು ಅಂದರೆ ಕ್ಲೋಜರ್.

ಬಳ್ಳಾರಿಯ ಹುಡುಗ ಭಾಷೆ ಬದಲಿಸುವ ಅಗತ್ಯವೇ ಬರಲಿಲ್ಲ. ಅವನ ಪ್ರೋಗ್ರಾಂನಲ್ಲಿ ರಿಡ್ಯೂಸ್ ಎಸ್‌ಟಿಆರ್ ಅಂತ ಇತ್ತು. ಅದು ಒಂದೊಂದೇ ಸಾಲು ಅಂಟಿಸುವ ದಾರಿ. ರಿಡ್ಯೂಸ್ ಅಳಿಸಿ ಅಪ್ಲೈ ಅಂತ ಬರೆಸಿದೆ. ಎಂಟರ್ ಒತ್ತಿ ನೀರಿನ ಬಾಟಲಿಗೆ ಕೈ ಹಾಕಿದ, ಮುಚ್ಚಳ ತೆಗೆಯುವಷ್ಟರಲ್ಲಿ ಉತ್ತರ ಬಂದಿತ್ತು. "ತಪ್ಪಾಗಿರಬೇಕು ಅಣ್ಣಾ" ಅಂತ ಇನ್ನೊಂದು ಸಲ ಓಡಿಸಿದ.